ಆನ್‌ಲೈನ್ ಗೇಮ್ ಕನೆಕ್ಟ್ ಆಗದಿದ್ದಾಗ: ದೋಷ ಎಲ್ಲಿದೆ, ದೂರು ಯಾರಿಗೆ ಕೊಡಬೇಕು?

ಒಬ್ಬರೇ ಆಡುವಾಗ ಯಾವ ತೊಂದರೆಯೂ ಇಲ್ಲದೆ ನಡೆಯುವ ಗೇಮ್, ಗೆಳೆಯರ ಜೊತೆ ಆನ್‌ಲೈನ್ ಆಡಲು ಕೂತಾಗ ಮಾತ್ರ ಸಂಪರ್ಕ ಸಿಗದೆ ನಿಂತುಹೋಗುವುದು ಬ್ರಾಡ್‌ಬ್ಯಾಂಡ್ ಇರುವ ಮನೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ದೂರು. ದೋಷಕ್ಕಿಂತ ಹೆಚ್ಚು ಬಳಲಿಸುವುದು ಅದರ ಪರಿಹಾರಕ್ಕಾಗಿ ಕಸ್ಟಮರ್ ಕೇರ್‌ಗೆ ಮಾಡಬೇಕಾದ ಕರೆಗಳು. ಗೇಮ್ ಕಂಪನಿಯವರು ‘ನಿಮ್ಮ ಇಂಟರ್ನೆಟ್ ಕಂಪನಿಯನ್ನು ಕೇಳಿ’ ಎನ್ನುತ್ತಾರೆ. ಇಂಟರ್ನೆಟ್ ಕಂಪನಿಯವರು ‘ಸ್ಪೀಡ್ ಸರಿಯಾಗಿದೆ, ಗೇಮಿನವರನ್ನು ಕೇಳಿ’ ಎನ್ನುತ್ತಾರೆ. ‘ಗೇಮ್ ಕನೆಕ್ಟ್ ಆಗುತ್ತಿಲ್ಲ’ ಎಂಬಷ್ಟಕ್ಕೇ ದೂರು ನಿಂತಿರುವ ತನಕ ಇಬ್ಬರೂ ಹೀಗೆಯೇ ಹೇಳಬಲ್ಲರು. ದೋಷ ಮನೆಯೊಳಗಿದೆಯೋ, ಲೈನಿನಲ್ಲಿದೆಯೋ, ಗೇಮಿನ ಸರ್ವರಿನಲ್ಲಿದೆಯೋ ಎಂದು ಮೊದಲೇ ಗುರುತಿಸಿಕೊಂಡು, ಅದನ್ನು ಸರಿಪಡಿಸಬಲ್ಲವರ ಮುಂದೆ ಮಾತ್ರ, ಅವರು ತಳ್ಳಿಹಾಕಲಾಗದ ಮಾತಿನಲ್ಲಿ ಇಟ್ಟರೆ ಉತ್ತರ ಸಿಗುವ ಸಾಧ್ಯತೆ ಹೆಚ್ಚು. ನ್ಯಾಯವಾಗಿ ಈ ಕೆಲಸ ಗ್ರಾಹಕನ ಮೇಲೆ ಬೀಳಬಾರದು. ತಿಂಗಳ ಬಿಲ್ ಪಡೆಯುವವರೇ ತಮ್ಮ ಜಾಲವನ್ನು ನೋಡಿ ಹೇಳಬೇಕು. ಅವರು ಹೇಳದಿರುವುದರಿಂದ ನಾವೇ ನೋಡಬೇಕಾಗಿ ಬಂದಿದೆ.

ಸರ್ವರ್ ಕೆಟ್ಟಿದೆಯೇ?

ಯಾವ ವೈರನ್ನೂ ಮುಟ್ಟುವ ಮೊದಲು ಗೇಮ್ ಸೇವೆಯೇ ನಡೆಯುತ್ತಿದೆಯೇ ಎಂದು ನೋಡಬೇಕು. ಪ್ಲೇಸ್ಟೇಷನ್ ಮತ್ತು ಎಕ್ಸ್‌ಬಾಕ್ಸ್ ಎರಡೂ ತಮ್ಮ ಸೇವೆಗಳ ಸ್ಥಿತಿ ತೋರಿಸುವ ಅಧಿಕೃತ ಪುಟಗಳನ್ನು ಇಟ್ಟಿವೆ; ಮೊಬೈಲಿನಲ್ಲಿ ಅದನ್ನು ತೆರೆದು ನೋಡಲು ಒಂದು ನಿಮಿಷ ಸಾಕು. 2011ರ ಏಪ್ರಿಲ್‌ನಲ್ಲಿ ಹ್ಯಾಕರುಗಳ ದಾಳಿಯ ನಂತರ ಪ್ಲೇಸ್ಟೇಷನ್ ನೆಟ್‌ವರ್ಕ್ ಮೂರು ವಾರಕ್ಕೂ ಹೆಚ್ಚು ಕಾಲ ಮುಚ್ಚಿತ್ತು. 2025ರ ಫೆಬ್ರವರಿಯಲ್ಲಿ ಅದೇ ಜಾಲ ಸುಮಾರು ಒಂದು ದಿನ ಜಗತ್ತಿನಾದ್ಯಂತ ನಿಂತುಹೋಗಿ, ಸೋನಿ ತನ್ನ ಪ್ಲಸ್ ಚಂದಾದಾರರಿಗೆ 5 ದಿನಗಳ ಹೆಚ್ಚುವರಿ ಅವಧಿ ಕೊಟ್ಟಿತು. ಅಂಥ ದಿನ ರೂಟರನ್ನು ಎಷ್ಟು ಬಾರಿ ಆರಿಸಿ ಹಚ್ಚಿದರೂ ಫಲವಿಲ್ಲ.

ಸ್ಥಿತಿ ಪುಟ ಎಲ್ಲವೂ ಸರಿಯಿದೆ ಎಂದರೆ, ಕನ್ಸೋಲನ್ನು ಅಥವಾ ಪಿಸಿಯನ್ನು ಮೊಬೈಲ್ ಹಾಟ್‌ಸ್ಪಾಟಿಗೆ ಜೋಡಿಸಿ ಅದೇ ಗೇಮ್ ತೆರೆಯಿರಿ. ಲಾಗಿನ್ ಆಗದಿರುವುದು, ಸರ್ವರ್ ಸಿಗದಿರುವುದು, ಆಟದ ನಡುವೆ ಕಡಿದುಹೋಗುವುದು ಹಾಟ್‌ಸ್ಪಾಟಿನಲ್ಲಿ ಮಾಯವಾದರೆ ನಿಮ್ಮ ಖಾತೆ, ಡಿಸ್ಕ್, ಗೇಮ್ ಫೈಲುಗಳು ನಿರ್ದೋಷಿ. ಗೇಮ್ ಅಳಿಸಿ ಮತ್ತೆ ಡೌನ್‌ಲೋಡ್ ಮಾಡಿ ಎಂಬ ಸಲಹೆಯನ್ನು ಅಲ್ಲಿಗೇ ನಿರಾಕರಿಸಬಹುದು. ಇಂದಿನ ದೊಡ್ಡ ಗೇಮ್‌ಗಳಲ್ಲಿ ಆ ಸಲಹೆ ನೂರು ಜಿಬಿಯ ಸುತ್ತಿನ ಕೆಲಸ. ಆದರೆ ಗೆಳೆಯರೊಂದಿಗೆ ಕೂಡಿಕೊಳ್ಳಲಾಗದ ಅಥವಾ ಪಾರ್ಟಿಯಲ್ಲಿ (ಗೆಳೆಯರು ಆಡುತ್ತ ಮಾತನಾಡುವ ಗುಂಪಿನಲ್ಲಿ) ದನಿ ಕೇಳದ ತೊಂದರೆಗೆ ಈ ಪರೀಕ್ಷೆ ಸಾಲದು, ಏಕೆಂದರೆ ಮೊಬೈಲ್ ಜಾಲಗಳಲ್ಲೂ ಮುಂದೆ ಹೇಳುವ ಅದೇ ತಡೆ ಇರುತ್ತದೆ.

ಮನೆಯೊಳಗೆ

ವೈಫೈಯನ್ನು ಪರೀಕ್ಷೆಯಿಂದ ಹೊರಗಿಡಿ. ಕನ್ಸೋಲಿನಿಂದ ರೂಟರಿಗೆ ನೇರ ಲ್ಯಾನ್ ಕೇಬಲ್ ಎಳೆದು ನೋಡಿ. ತೊಂದರೆ ಹೋದರೆ ದೋಷ ವೈಫೈಯದು, ಹೊರಗಿನ ಯಾರಿಗೂ ದೂರು ಕೊಡುವ ಅಗತ್ಯವಿಲ್ಲ. ಕೇಬಲ್ ಎಳೆಯಲಾಗದ ಮನೆಯಲ್ಲಿ 2.4 ಗಿಗಾಹರ್ಟ್ಸ್ ಬಿಟ್ಟು 5 ಗಿಗಾಹರ್ಟ್ಸ್ ಬಳಸಿ, ರೂಟರನ್ನು ಟಿವಿಯ ಹಿಂದಿನಿಂದ ಈಚೆಗೆ ತನ್ನಿ. ಫೈಬರ್ ಬರುವ ಡಬ್ಬಿಯ ಮೇಲೆ ಎಲ್‌ಒಎಸ್ ಎಂಬ ದೀಪ ಕೆಂಪಾಗಿ ಉರಿಯುತ್ತಿದ್ದರೆ ಬೆಳಕಿನ ಸಂಕೇತವೇ ಬರುತ್ತಿಲ್ಲ ಎಂದರ್ಥ. ಮುಂದಿನ ಯಾವ ಪರೀಕ್ಷೆಯೂ ಬೇಡ, ನೇರವಾಗಿ ಲೈನ್‌ಮ್ಯಾನನ್ನು ಕರೆಸಬೇಕು.

ಸ್ಪೀಡ್ ಟೆಸ್ಟ್ ಏನನ್ನು ಹೇಳುವುದಿಲ್ಲ

ಕಸ್ಟಮರ್ ಕೇರ್ ಕೇಳುವ ಮೊದಲ ಪ್ರಶ್ನೆ ‘ಸ್ಪೀಡ್ ಎಷ್ಟು ಬರುತ್ತಿದೆ?’ ಎಂಬುದು. ಗೇಮ್ ಆಡುವಾಗ ಹೋಗಿ ಬರುವ ಮಾಹಿತಿ ಬಹಳ ಕಡಿಮೆ. ಆದರೆ ಅದು ಸೆಕೆಂಡಿಗೆ ಹತ್ತಾರು ಸಣ್ಣ ಪ್ಯಾಕೆಟ್‌ಗಳಾಗಿ, ಅಂದರೆ ಮಾಹಿತಿಯ ತುಣುಕುಗಳಾಗಿ, ಒಂದೇ ಲಯದಲ್ಲಿ, ತಪ್ಪದೆ ಬರಬೇಕು. ಯೂಟ್ಯೂಬ್ ಮುಂದಿನ ದೃಶ್ಯವನ್ನು ಮೊದಲೇ ತಂದಿಟ್ಟುಕೊಳ್ಳುವುದರಿಂದ ನಡುವೆ ಕೆಲವು ಪ್ಯಾಕೆಟ್‌ಗಳು ಕಳೆದುಹೋದರೂ ನೋಡುವವರಿಗೆ ತಿಳಿಯದು. ಗೇಮಿಗೆ ಆ ಸೌಕರ್ಯವಿಲ್ಲ. ಹೀಗಾಗಿ ನೂರು ಎಂಬಿಪಿಎಸ್ ತೋರಿಸುವ ಲೈನಿನಲ್ಲಿಯೇ ಗೇಮ್ ಆಡಲಾಗದಿರುವುದು ಸಾಧ್ಯ, ಮತ್ತು ಸ್ಪೀಡ್ ಟೆಸ್ಟಿನ ಅಂಕಿಯನ್ನು ತೋರಿಸಿ ದೂರು ಮುಚ್ಚುವುದು ತಾಂತ್ರಿಕವಾಗಿ ತಪ್ಪು.

ಇದನ್ನು ಅಳೆಯಲು ಯಾವ ಆ್ಯಪ್ ಬೇಕಿಲ್ಲ. ವಿಂಡೋಸ್ ಕಂಪ್ಯೂಟರಿನ ಕಮಾಂಡ್ ಪ್ರಾಂಪ್ಟಿನಲ್ಲಿ ಪಿಂಗ್ ಆದೇಶವನ್ನು (ಒಂದು ವಿಳಾಸಕ್ಕೆ ಪ್ಯಾಕೆಟ್ ಕಳಿಸಿ, ಉತ್ತರ ಬರುತ್ತದೆಯೇ, ಎಷ್ಟು ಹೊತ್ತಿನಲ್ಲಿ ಬರುತ್ತದೆ ಎಂದು ನೋಡುವ ಆದೇಶ) ಇನ್ನೂರು ಬಾರಿ ನಡೆಯುವಂತೆ ಕೊಟ್ಟು, ಮೊದಲು ರೂಟರಿನ ವಿಳಾಸಕ್ಕೆ, ಆಮೇಲೆ 8.8.8.8 ಅಥವಾ 1.1.1.1 ಎಂಬ ಹೊರಗಿನ ಸಾರ್ವಜನಿಕ ವಿಳಾಸಕ್ಕೆ ಕಳಿಸಿ. ರೂಟರಿನ ತನಕವೇ ಪ್ಯಾಕೆಟ್ ನಷ್ಟ (ಉತ್ತರ ಬಾರದೆ ಹೋದವುಗಳ ಪಾಲು) ಕಾಣಿಸಿದರೆ ದೋಷ ಮನೆಯದು. ರೂಟರಿನ ತನಕ ಸೊನ್ನೆ ನಷ್ಟವಿದ್ದು ಹೊರಗಿನ ವಿಳಾಸಕ್ಕೆ ನಷ್ಟ ಬಂದರೆ ದೋಷ ಇಂಟರ್ನೆಟ್ ಕಂಪನಿಯ ಕಡೆಯದು. ಇದೇ ಪರೀಕ್ಷೆಯನ್ನು ಬೆಳಿಗ್ಗೆ ಆರರ ಸುಮಾರಿಗೆ ಒಮ್ಮೆ, ರಾತ್ರಿ ಒಂಬತ್ತರ ನಂತರ ಒಮ್ಮೆ ಮಾಡಿ ಎರಡನ್ನೂ ಸ್ಕ್ರೀನ್‌ಶಾಟ್ ತೆಗೆದಿಡಿ. ಬೆಳಿಗ್ಗೆ ಶುದ್ಧವಾಗಿದ್ದು ರಾತ್ರಿ ಕೆಟ್ಟರೆ ಅದು ಬಡಾವಣೆಯ ಲೈನಿನ ಮೇಲೆ ಹೊರೆ ಹೆಚ್ಚಾಗಿರುವ ಗುರುತು. ನಿಮ್ಮ ಮನೆಗೆ ಬಂದು ಡಬ್ಬಿ ಬದಲಿಸಿದರೆ ಅದು ಸರಿಹೋಗುವುದಿಲ್ಲ.

ಪ್ಯಾಕೆಟ್ ಹಾದುಹೋಗುವ ಹಂತಗಳನ್ನು ಒಂದೊಂದಾಗಿ ತೋರಿಸುವ ಟ್ರೇಸ್‌ರೂಟ್ ಆದೇಶದ ಫಲಿತಾಂಶ ಓದುವಾಗ ಒಂದು ಎಚ್ಚರ ಬೇಕು. ನಡುವಿನ ಯಾವುದೋ ಒಂದು ಹಂತ ಉತ್ತರಿಸದೆ ನಕ್ಷತ್ರಗಳನ್ನು ತೋರಿಸಿ, ಅದರಾಚೆಯ ಹಂತಗಳೆಲ್ಲ ಸರಿಯಾಗಿ ಉತ್ತರಿಸಿದರೆ ಅದು ದೋಷವಲ್ಲ. ಆ ಉಪಕರಣ ಇಂಥ ಪ್ರಶ್ನೆಗಳಿಗೆ ಉತ್ತರಿಸದಂತೆ ಹೊಂದಿಸಲಾಗಿದೆ, ಅಷ್ಟೇ. ಅದನ್ನು ತೋರಿಸಿ ದೂರು ಕೊಟ್ಟರೆ, ತಿಳಿದ ಎಂಜಿನಿಯರ್ ಒಬ್ಬರು ಸಿಕ್ಕಾಗ ನಿಮ್ಮ ಉಳಿದ ಸಾಕ್ಷ್ಯದ ಮೇಲಿನ ನಂಬಿಕೆಯೂ ಹೋಗುತ್ತದೆ. ಒಂದು ಹಂತದಲ್ಲಿ ಶುರುವಾದ ನಷ್ಟ ಕೊನೆಯ ತನಕ ಮುಂದುವರಿದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ.

ದೂರವೂ ಒಂದು ಕಾರಣ. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಸಾಗುವುದರಿಂದ, ಪ್ರತಿ ಸಾವಿರ ಕಿಲೋಮೀಟರಿಗೆ ಹೋಗಿ ಬರಲು ಕನಿಷ್ಠ 10 ಮಿಲಿಸೆಕೆಂಡ್ ಬೇಕು. ಮುಂಬೈಯಲ್ಲಿ ಸರ್ವರ್ ಇರುವ ಗೇಮಿಗೂ ಯುರೋಪಿನಲ್ಲಿ ಮಾತ್ರ ಸರ್ವರ್ ಇರುವ ಗೇಮಿಗೂ ಕರ್ನಾಟಕದಿಂದ ಒಂದೇ ಪಿಂಗ್ (ಹೋಗಿ ಬರುವ ಸಮಯ) ಸಿಗಲಾರದು. ಗೇಮಿನ ಸೆಟ್ಟಿಂಗ್‌ನಲ್ಲಿ ಪ್ರದೇಶ ಸರಿಯಾಗಿದೆಯೇ ಎಂದು ನೋಡಿದ ಮೇಲೆಯೇ ಹೆಚ್ಚಿನ ಪಿಂಗ್ ಬಗ್ಗೆ ದೂರಬೇಕು.

ನ್ಯಾಟ್ ಎಂಬ ತಡೆ

ಮ್ಯಾಚ್ ಸಿಗುತ್ತದೆ, ಆದರೆ ಗೆಳೆಯರ ಆಹ್ವಾನ ಒಪ್ಪಿಕೊಂಡರೆ ಕೂಡಿಕೊಳ್ಳಲಾಗುವುದಿಲ್ಲ. ನಾಲ್ವರ ಪಾರ್ಟಿಯಲ್ಲಿ ಇಬ್ಬರ ದನಿ ಕೇಳುತ್ತದೆ, ಮೂರನೆಯವರದು ಕೇಳುವುದಿಲ್ಲ. ಪಿಂಗ್ ಚೆನ್ನಾಗಿದೆ, ಪ್ಯಾಕೆಟ್ ನಷ್ಟವೂ ಇಲ್ಲ. ಈ ಲಕ್ಷಣಗಳು ಒಟ್ಟಿಗೆ ಕಂಡರೆ ಬಹುತೇಕ ಸಲ ಕಾರಣ ನ್ಯಾಟ್. ಕಸ್ಟಮರ್ ಕೇರ್‌ನವರು ಅತಿ ಹೆಚ್ಚು ತಪ್ಪು ಉತ್ತರ ಕೊಡುವುದೂ ಇದಕ್ಕೇ ಆದ್ದರಿಂದ ಇದನ್ನು ತುಸು ವಿವರವಾಗಿ ನೋಡಬೇಕು.

ಒಂದು ವಠಾರದ ಎಲ್ಲ ಮನೆಗಳಿಗೂ ಹೊರಗಿನ ಬಾಗಿಲಿನದೇ ಒಂದು ವಿಳಾಸ ಇರುವಂತೆ, ನಿಮ್ಮ ಮನೆಯ ಫೋನು, ಟಿವಿ, ಕನ್ಸೋಲುಗಳೆಲ್ಲ ರೂಟರಿನ ಒಂದೇ ಐಪಿ ವಿಳಾಸದಿಂದ ಹೊರಗೆ ಕಾಣುತ್ತವೆ. ಈ ಏರ್ಪಾಡೇ ನ್ಯಾಟ್. ಒಳಗಿನಿಂದ ನೀವು ಕೇಳಿದ್ದಕ್ಕೆ ಬಂದ ಉತ್ತರವನ್ನು ರೂಟರ್ ಸರಿಯಾದ ಉಪಕರಣಕ್ಕೆ ತಲುಪಿಸುತ್ತದೆ. ಯಾರೂ ಕೇಳದೆ ಹೊರಗಿನಿಂದ ಬಂದದ್ದನ್ನು ಬಿಟ್ಟುಬಿಡುತ್ತದೆ. ಕಂಪನಿಯ ಸರ್ವರಿನಲ್ಲೇ ನಡೆಯುವ ಗೇಮ್‌ಗಳಿಗೆ ಇದು ಅಡ್ಡಿಯಲ್ಲ, ಏಕೆಂದರೆ ಅಲ್ಲಿ ಸಂಪರ್ಕ ಯಾವಾಗಲೂ ನಮ್ಮ ಕಡೆಯಿಂದ ಶುರುವಾಗುತ್ತದೆ. ಆಟಗಾರರಲ್ಲೇ ಒಬ್ಬರ ಕನ್ಸೋಲ್ ಆತಿಥೇಯನಾಗಿ ಉಳಿದವರು ಅದಕ್ಕೆ ನೇರವಾಗಿ ಸೇರುವ ಗೇಮ್‌ಗಳಲ್ಲಿ, ಅದೇ ಬಗೆಯ ಧ್ವನಿ ಪಾರ್ಟಿಗಳಲ್ಲಿ, ಹೊರಗಿನಿಂದ ಬರುವ ಸಂಪರ್ಕವನ್ನು ಒಳಬಿಡದಿದ್ದರೆ ಆಟವೇ ಶುರುವಾಗುವುದಿಲ್ಲ.

ಎಕ್ಸ್‌ಬಾಕ್ಸ್‌ನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿರುವ ಪರೀಕ್ಷೆ ಇದನ್ನು ಓಪನ್, ಮಾಡರೇಟ್, ಸ್ಟ್ರಿಕ್ಟ್ ಎಂದು ಮೂರು ದರ್ಜೆಯಲ್ಲಿ ಹೇಳುತ್ತದೆ. ಓಪನ್ ಇದ್ದವರು ಎಲ್ಲರೊಂದಿಗೂ ಕೂಡಬಲ್ಲರು; ಸ್ಟ್ರಿಕ್ಟ್ ಇದ್ದವರು ಓಪನ್ ಇದ್ದವರ ಜೊತೆ ಮಾತ್ರ. ನಾಲ್ವರಲ್ಲಿ ಒಬ್ಬರೊಂದಿಗೆ ಮಾತ್ರ ಯಾಕೆ ಆಗುತ್ತಿಲ್ಲ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ: ಇಬ್ಬರ ದರ್ಜೆಯನ್ನೂ ಸೇರಿಸಿ ನೋಡಬೇಕು, ದೋಷ ಅವರ ಮನೆಯಲ್ಲೂ ಇರಬಹುದು. ಪ್ಲೇಸ್ಟೇಷನ್ 1, 2, 3 ಎಂದು ಹೇಳುತ್ತದೆ. ರೂಟರ್ ಇರುವ ಮನೆಯಲ್ಲಿ 2 ಸಹಜ, 3 ಬಂದರೆ ತೊಂದರೆ.

ಸ್ಟ್ರಿಕ್ಟ್ ಅಥವಾ 3 ಬಂದಾಗ ಬೇಕಾದ ದಾರಿಯನ್ನು ಕನ್ಸೋಲ್ ತಾನೇ ಕೇಳಿ ತೆರೆಸಿಕೊಳ್ಳಲು ಬಿಡುವ, ರೂಟರಿನ ಯುಪಿಎನ್‌ಪಿ ಸೌಲಭ್ಯವನ್ನು ಒಮ್ಮೆ ಆಫ್ ಮಾಡಿ, ಸೇವ್ ಮಾಡಿ, ರೂಟರನ್ನು ಮರುಚಾಲನೆ ಮಾಡಿ, ಆ ಸೌಲಭ್ಯವನ್ನು ಮತ್ತೆ ಆನ್ ಮಾಡಿ. ಕನ್ಸೋಲನ್ನು ನಿದ್ರೆಯ ಸ್ಥಿತಿಗೆ ಕಳಿಸಿದರೆ ಸಾಲದು, ಪೂರ್ತಿ ಆರಿಸಬೇಕು. ಎಕ್ಸ್‌ಬಾಕ್ಸ್‌ನಲ್ಲಿ ಮುಂಭಾಗದ ಗುಂಡಿಯನ್ನು 10 ಸೆಕೆಂಡ್ ಒತ್ತಿ ಹಿಡಿದರೆ ಆಗುತ್ತದೆ. ಅದರಿಂದಲೂ ಬದಲಾಗದಿದ್ದರೆ ಪೋರ್ಟ್ ಫಾರ್ವರ್ಡಿಂಗ್ (ಇಂಥ ಸಂಖ್ಯೆಯ ಪೋರ್ಟಿಗೆ, ಅಂದರೆ ಬಾಗಿಲಿಗೆ, ಹೊರಗಿನಿಂದ ಬಂದದ್ದನ್ನು ಕನ್ಸೋಲಿಗೆ ಕಳಿಸು ಎಂದು ರೂಟರಿಗೆ ಹೇಳಿಡುವುದು) ಇದೆ: ಎಕ್ಸ್‌ಬಾಕ್ಸ್‌ಗೆ ಮುಖ್ಯವಾಗಿ 3074, ಪ್ಲೇಸ್ಟೇಷನ್‌ಗೆ 3478ರಿಂದ 3480. ಆದರೆ ಅದಕ್ಕೆ ಕೈಹಾಕುವ ಮೊದಲು ಮುಂದಿನ ಪರೀಕ್ಷೆ ಮಾಡದಿದ್ದರೆ ಆ ಶ್ರಮವೆಲ್ಲ ವ್ಯರ್ಥವಾಗುವ ಸಂಭವ ಹೆಚ್ಚು.

ರೂಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ, ಅಂದರೆ ರೂಟರಿಗೆ ಹೊರಗಿನ ಕಡೆಯಿಂದ ಸಿಕ್ಕ ವಿಳಾಸ, ಎಂಬ ಸಾಲು ಇರುತ್ತದೆ. ಅದನ್ನು ಬರೆದುಕೊಂಡು, ಬ್ರೌಸರಿನಲ್ಲಿ ‘ನನ್ನ ಐಪಿ ಯಾವುದು’ ಎಂದು ಹುಡುಕಿದಾಗ ಕಾಣುವ ವಿಳಾಸದ ಜೊತೆ ಹೋಲಿಸಿ. ಎರಡೂ ಒಂದೇ ಆಗಿದ್ದರೆ ನಿಮಗೆ ಸ್ವಂತ ಸಾರ್ವಜನಿಕ ವಿಳಾಸವಿದೆ, ಪೋರ್ಟ್ ಫಾರ್ವರ್ಡಿಂಗ್ ಕೆಲಸ ಮಾಡುತ್ತದೆ. ವ್ಯಾನ್ ಐಪಿ 100.64ರಿಂದ 100.127ರ ನಡುವೆ ಇದ್ದರೆ ನೀವು ಸಿಜಿ-ನ್ಯಾಟ್ ಒಳಗಿದ್ದೀರಿ: ನಿಮ್ಮ ರೂಟರಿನಾಚೆ ಇಂಟರ್ನೆಟ್ ಕಂಪನಿಯದೇ ಇನ್ನೊಂದು ದೊಡ್ಡ ನ್ಯಾಟ್ ಇದ್ದು, ಹಲವು ಗ್ರಾಹಕರು ಒಂದೇ ಸಾರ್ವಜನಿಕ ವಿಳಾಸವನ್ನು ಹಂಚಿಕೊಂಡಿದ್ದಾರೆ. ಹಳೆಯ ವಿಳಾಸ ಪದ್ಧತಿಯಾದ ಐಪಿವಿ4ರಲ್ಲಿ ಒಟ್ಟು ಇರುವುದು ಸುಮಾರು 429 ಕೋಟಿ ವಿಳಾಸಗಳು. ಜಾಗತಿಕ ಸಂಗ್ರಹದ ಕೊನೆಯ ಕಂತು 2011ರ ಫೆಬ್ರವರಿಯಲ್ಲಿ ಹಂಚಿಹೋಯಿತು. 2012ರ ಏಪ್ರಿಲ್‌ನಲ್ಲಿ ಈ 100.64ರ ಸರಣಿಯನ್ನು ಇಂಥ ಹಂಚಿಕೆಗೆಂದೇ ಮೀಸಲಿಡಲಾಯಿತು. ಆದ್ದರಿಂದ ಈ ವಿಳಾಸ ಕಂಡರೆ ಊಹೆಗೆ ಎಡೆಯಿಲ್ಲ. ನಿಮ್ಮ ರೂಟರಿನಲ್ಲಿ ಎಷ್ಟು ಪೋರ್ಟ್ ತೆರೆದರೂ ಕಂಪನಿಯ ನ್ಯಾಟ್ ಮುಚ್ಚಿರುವ ತನಕ ಹೊರಗಿನವರು ಒಳಗೆ ಬರಲಾರರು. ಇದೇ ಹಂಚಿಕೆಯಿಂದ ಇನ್ನೊಂದು ಕಷ್ಟವೂ ಇದೆ: ನಿಮಗೆ ಗೊತ್ತೇ ಇಲ್ಲದ ಗ್ರಾಹಕರೊಬ್ಬರು ನಿಯಮ ಮೀರಿ, ಗೇಮ್ ಕಂಪನಿ ಆ ಐಪಿಯನ್ನು ತಡೆಹಿಡಿದರೆ, ಅದೇ ಐಪಿ ಹಂಚಿಕೊಂಡ ನೀವೂ ಹೊರಗುಳಿಯುತ್ತೀರಿ.

ವ್ಯಾನ್ ಐಪಿ 192.168 ಅಥವಾ 10ರಿಂದ ಶುರುವಾದರೆ, ಇಲ್ಲವೇ 172.16ರಿಂದ 172.31ರ ನಡುವೆ ಇದ್ದರೆ ಎರಡು ಸಾಧ್ಯತೆಗಳಿವೆ. ಫೈಬರಿನ ಡಬ್ಬಿಯೇ ಒಂದು ರೂಟರಾಗಿದ್ದು, ಅದರ ಹಿಂದೆ ನೀವು ಕೊಂಡ ಇನ್ನೊಂದು ರೂಟರ್ ಇರಬಹುದು. ಇದನ್ನು ಡಬಲ್ ನ್ಯಾಟ್ ಎನ್ನುತ್ತಾರೆ. ಆಗ ನಿಮ್ಮ ರೂಟರನ್ನು ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ (ನ್ಯಾಟ್ ಮಾಡದೆ ವೈಫೈ ಮಾತ್ರ ಕೊಡುವ ಸ್ಥಿತಿಗೆ) ಬದಲಿಸಿದರೆ ಸಾಕು, ಯಾರ ಅನುಮತಿಯೂ ಬೇಡ. ಅಥವಾ ಡಬ್ಬಿಯನ್ನು ಬ್ರಿಡ್ಜ್ ಮೋಡ್‌ಗೆ (ಸಂಕೇತವನ್ನು ದಾಟಿಸುವುದಷ್ಟೇ ಅದರ ಕೆಲಸವಾಗುವ ಸ್ಥಿತಿಗೆ) ಹಾಕಿಸಿ, ಕಂಪನಿಯ ಜಾಲಕ್ಕೆ ಸೇರುವ ಪಿಪಿಪಿಒಇ ಲಾಗಿನ್ ನಿಮ್ಮ ರೂಟರಿನಲ್ಲೇ ಆಗುವಂತೆ ಮಾಡಿಸಬಹುದು. ಇದಕ್ಕೆ ಇಂಟರ್ನೆಟ್ ಕಂಪನಿಯ ನೆರವು ಬೇಕಾಗುತ್ತದೆ. ಮನೆಯಲ್ಲಿ ಒಂದೇ ಡಬ್ಬಿ ಇದ್ದೂ ಇಂಥ ವಿಳಾಸ ಕಂಡರೆ, ಕಂಪನಿ ಆ ಖಾಸಗಿ ವಿಳಾಸವನ್ನೇ ಸಿಜಿ-ನ್ಯಾಟ್‌ಗೆ ಬಳಸುತ್ತಿದೆ.

ಸಿಜಿ-ನ್ಯಾಟ್‌ಗೆ ಗ್ರಾಹಕರ ಕೈಯಲ್ಲಿರುವ ಮುಖ್ಯ ಪರಿಹಾರಗಳು ಎರಡು. ಕಂಪನಿ ಐಪಿವಿ6 (ವಿಳಾಸಗಳ ಕೊರತೆಯಿಲ್ಲದ ಹೊಸ ಪದ್ಧತಿ) ಕೊಡುತ್ತಿದ್ದರೆ ರೂಟರಿನಲ್ಲಿ ಅದನ್ನು ಆನ್ ಮಾಡಿ. ಹಲವು ರೂಟರುಗಳಲ್ಲಿ ಅದು ಆಫ್ ಆಗಿಯೇ ಇರುತ್ತದೆ. ಎಕ್ಸ್‌ಬಾಕ್ಸ್ ಒನ್ 2013ರಲ್ಲಿ ಬಂದಾಗಿನಿಂದಲೇ ಐಪಿವಿ6 ಬಳಸಬಲ್ಲದು, ಮತ್ತು ಎರಡೂ ಕಡೆ ಐಪಿವಿ6 ಇದ್ದರೆ ವಿಳಾಸ ಹಂಚಿಕೆಯ ಮಾತೇ ಬರುವುದಿಲ್ಲ. ಅದಾಗದಿದ್ದರೆ ಸಾರ್ವಜನಿಕ ಐಪಿಯನ್ನೇ ಕೇಳಬೇಕು; ಹಲವು ಕಂಪನಿಗಳು ಸ್ಟ್ಯಾಟಿಕ್ ಐಪಿ ಎಂಬ ಹೆಸರಿನಲ್ಲಿ ಹೆಚ್ಚುವರಿ ಶುಲ್ಕಕ್ಕೆ ಅದನ್ನು ಕೊಡುತ್ತವೆ.

ದೂರು ಕೊಡುವಾಗ

ಶಿವಮೊಗ್ಗದ ನಮ್ಮ ಮನೆಯ ಸಂಪರ್ಕದಲ್ಲಿ ಇದೇ ದೋಷವಿತ್ತು. ಮನೆಗೆ ಬಂದ ಹುಡುಗ ಬಹಳ ಸಭ್ಯನಾಗಿದ್ದ. ರೂಟರಿನ ಪಕ್ಕದಲ್ಲೇ ನಿಂತು ತನ್ನ ಫೋನಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿ, ಪರದೆಯನ್ನು ನನ್ನ ಕಡೆ ತಿರುಗಿಸಿ, ‘ನೋಡಿ ಸರ್, ಫುಲ್ ಸ್ಪೀಡ್ ಬರ್ತಿದೆ. ನಿಮ್ಮ ಗೇಮಲ್ಲೇ ಏನೋ ಇರಬೇಕು. ಒಂದು ಒಟಿಪಿ ಬಂದಿರತ್ತೆ, ಹೇಳಿ ಸರ್, ಕಂಪ್ಲೇಂಟ್ ಕ್ಲೋಸ್ ಮಾಡಬೇಕು’ ಎಂದ. ನಾನು ರೂಟರಿನ ಸ್ಟೇಟಸ್ ಪುಟ ತೆರೆದು ವ್ಯಾನ್ ಐಪಿಯ ಸಾಲು ತೋರಿಸಿದೆ. ಅವನು ಕ್ಷಣ ನೋಡಿ, ‘ಅದು ನಮ್ಮ ಕೈಯಲ್ಲಿಲ್ಲ ಸರ್, ಬ್ಯಾಕೆಂಡ್‌ನವರು ಮಾಡಬೇಕು’ ಎಂದ. ಅವನು ಹೇಳಿದ್ದು ನಿಜ. ಆ ಹುಡುಗನಿಗೆ ಕೊಟ್ಟಿರುವುದು ಫೈಬರ್ ಜೋಡಿಸುವ, ಡಬ್ಬಿ ಬದಲಿಸುವ ಕೆಲಸ. ನ್ಯಾಟ್ ಬದಲಿಸುವ ಅಧಿಕಾರ ಅವನಿಗಿಲ್ಲ. ಅವನ ಮೇಲೆ ಸಿಟ್ಟಾಗುವುದು ಅನ್ಯಾಯ. ಆದರೆ ಒಟಿಪಿ ಕೊಡಬಾರದು. ಒಟಿಪಿ ಹೇಳಿದ ಕೂಡಲೇ ಕಂಪನಿಯ ದಾಖಲೆಯಲ್ಲಿ ದೋಷ ನಿವಾರಣೆಯಾದಂತೆ, ಮುಂದಿನ ಕರೆ ಹೊಸ ದೂರಾಗಿ ಮೊದಲಿನಿಂದ ಶುರುವಾಗುತ್ತದೆ. ‘ಗೇಮ್ ಕೂಡಿಕೊಂಡು ನೋಡಿದ ಮೇಲೆ ಒಟಿಪಿ ಕೊಡುತ್ತೇನೆ’ ಎಂದು ಶಾಂತವಾಗಿ ಹೇಳಿ ಕಳಿಸಿ.

ಕಸ್ಟಮರ್ ಕೇರ್‌ನ ಮೊದಲ ಹಂತದವರ ಮುಂದೆ ಒಂದು ಪ್ರಶ್ನೆಪಟ್ಟಿ ಇರುತ್ತದೆ. ಅವರು ಅದರ ಪ್ರಕಾರವೇ ಮಾತನಾಡಬೇಕು. ಆ ಪಟ್ಟಿಯಲ್ಲಿ ‘ಗೇಮ್’ ಎಂಬ ಪದಕ್ಕೆ ಸಿದ್ಧ ಉತ್ತರ ಗೇಮ್ ಕಂಪನಿಯನ್ನು ಕೇಳಿ ಎಂಬುದೇ ಆಗಿರುತ್ತದೆ. ಆದ್ದರಿಂದ ದೂರಿನಲ್ಲಿ ಗೇಮಿನ ಹೆಸರೇ ಬೇಡ. ಹೀಗೆ ಬರೆಯಿರಿ: ‘ನಮ್ಮ ರೂಟರಿನ ವ್ಯಾನ್ ಐಪಿ 100.72ರಿಂದ ಆರಂಭವಾಗುತ್ತಿದೆ, ಸಾರ್ವಜನಿಕ ಐಪಿ ಬೇರೆಯೇ ಇದೆ. ಸಂಪರ್ಕ ಸಿಜಿ-ನ್ಯಾಟ್ ಒಳಗಿರುವುದರಿಂದ ಹೊರಗಿನ ಸಂಪರ್ಕಗಳು ತಲುಪುತ್ತಿಲ್ಲ. ಒಂದೋ ಐಪಿವಿ6 ಸಕ್ರಿಯಗೊಳಿಸಿ, ಇಲ್ಲವೇ ಸಾರ್ವಜನಿಕ ಐಪಿ ಕೊಡಿ, ಅದರ ಶುಲ್ಕ ತಿಳಿಸಿ. ದಯವಿಟ್ಟು ಈ ದೂರನ್ನು ನೆಟ್‌ವರ್ಕ್ ವಿಭಾಗಕ್ಕೆ ಕಳಿಸಿ.’ ಪ್ಯಾಕೆಟ್ ನಷ್ಟದ ದೂರಾದರೆ ರೂಟರಿನ ತನಕದ ಅಂಕಿ, ಹೊರಗಿನ ಅಂಕಿ, ದಿನಾಂಕ, ಗಂಟೆ ನಾಲ್ಕನ್ನೂ ಬರೆದು ಸ್ಕ್ರೀನ್‌ಶಾಟ್ ಲಗತ್ತಿಸಿ. ಫೋನಿನಲ್ಲಿ ಹೇಳಿದ್ದನ್ನೇ ಇಮೇಲಿನಲ್ಲೂ ಕಳಿಸಿ. ಫೋನಿನ ಆ ಕಡೆಯವರು ನಿಮ್ಮ ಮಾತನ್ನು ಎರಡು ಪದಗಳಲ್ಲಿ ‘ನೆಟ್ ಸ್ಲೋ’ ಎಂದು ದಾಖಲಿಸಿಕೊಳ್ಳುವುದು ಅಪರೂಪವಲ್ಲ. ಇಮೇಲ್ ಇದ್ದರೆ ನಿಮ್ಮ ಮಾತು ನಿಮ್ಮದಾಗಿಯೇ ಉಳಿಯುತ್ತದೆ.

ಪ್ರತಿ ದೂರಿಗೂ ಡಾಕೆಟ್ ಸಂಖ್ಯೆ (ದೂರಿನ ನೋಂದಣಿ ಸಂಖ್ಯೆ) ಕೇಳಿ ಪಡೆಯಿರಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2012ರಲ್ಲಿ ಹೊರಡಿಸಿದ ದೂರು ಪರಿಹಾರ ನಿಯಮಗಳ ಪ್ರಕಾರ ದೊಡ್ಡ ಬ್ರಾಡ್‌ಬ್ಯಾಂಡ್ ಕಂಪನಿಗಳು ದೂರು ಕೇಂದ್ರವನ್ನೂ ಅದರ ಮೇಲೆ ಮೇಲ್ಮನವಿ ಪ್ರಾಧಿಕಾರವನ್ನೂ ಇಟ್ಟಿರಬೇಕು. ದೂರು ಬಗೆಹರಿಯದಿದ್ದರೆ ಡಾಕೆಟ್ ಸಂಖ್ಯೆ ನಮೂದಿಸಿ ಶುಲ್ಕವಿಲ್ಲದೆ ಮೇಲ್ಮನವಿ ಕೊಡಬಹುದು, ಅದನ್ನು 39 ದಿನಗಳೊಳಗೆ ತೀರ್ಮಾನಿಸಬೇಕು. ಬಿಡಿ ಗ್ರಾಹಕರ ದೂರುಗಳನ್ನು ಟ್ರಾಯ್ ತಾನೇ ವಿಚಾರಿಸುವುದಿಲ್ಲವಾದ್ದರಿಂದ ನೇರವಾಗಿ ಅಲ್ಲಿಗೆ ಬರೆದು ಕಾಯುವುದರಿಂದ ಸಮಯ ಹೋಗುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿಯೂ ದೂರು ದಾಖಲಿಸಬಹುದು.

ದೋಷ ಗೇಮ್ ಕಂಪನಿಯದೇ ಎಂದು ಖಚಿತವಾದರೆ ಹಣ ಹಿಂಪಡೆಯುವ ಗಡುವನ್ನು ಮೊದಲು ನೋಡಿಕೊಳ್ಳಿ. ಪಿಸಿ ಗೇಮ್‌ಗಳ ಆನ್‌ಲೈನ್ ಮಳಿಗೆಯಾದ ಸ್ಟೀಮ್‌ನಲ್ಲಿ ಖರೀದಿಸಿ 14 ದಿನದೊಳಗೆ, ಆಡಿದ ಸಮಯ 2 ಗಂಟೆ ಮೀರುವ ಮೊದಲು ಕೇಳಬೇಕು. ಗೇಮ್ ತೆರೆದು ‘ಸಂಪರ್ಕಿಸಲಾಗುತ್ತಿದೆ’ ಎಂಬ ಪರದೆಯ ಮುಂದೆ ಕಾಯುತ್ತ ಕೂತ ಸಮಯವೂ ಆ 2 ಗಂಟೆಯ ಲೆಕ್ಕಕ್ಕೆ ಸೇರುತ್ತದೆ. ಸಹಾಯ ವಿಭಾಗದ ಉತ್ತರ ಬರುವ ತನಕ ಗೇಮನ್ನು ಮುಚ್ಚಿಡಿ. ಪ್ಲೇಸ್ಟೇಷನ್ ಸ್ಟೋರಿನಲ್ಲಿ 14 ದಿನದ ಅವಕಾಶವಿದ್ದರೂ ಡೌನ್‌ಲೋಡ್ ಶುರುಮಾಡಿದ ಮೇಲೆ, ಗೇಮಿನಲ್ಲೇ ದೋಷವಿದ್ದ ಹೊರತು, ಅದು ಸಿಗುವುದಿಲ್ಲ. ಆದ್ದರಿಂದ ಅಲ್ಲಿ ‘ಆಡಲು ಇಷ್ಟವಿಲ್ಲ’ ಎಂದು ಕೇಳಬಾರದು. ದೋಷದ ಕೋಡ್, ಸ್ಥಿತಿ ಪುಟದ ಚಿತ್ರ, ಹಾಟ್‌ಸ್ಪಾಟಿನಲ್ಲೂ ಅದೇ ಕೋಡ್ ಬಂದ ಚಿತ್ರ ಇವುಗಳನ್ನು ಕಳಿಸಿ ಗೇಮ್ ದೋಷಯುಕ್ತವಾಗಿದೆ ಎಂದೇ ಬರೆಯಬೇಕು. ಭಾರತದಲ್ಲಿ ಆನ್‌ಲೈನ್ ಮಾರಾಟಕ್ಕೆ 2020ರ ಇ-ಕಾಮರ್ಸ್ ನಿಯಮಗಳು ಅನ್ವಯಿಸುತ್ತವೆ: ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಚಾಟ್‌ನಲ್ಲಿ ಯಂತ್ರದ ಉತ್ತರಗಳೇ ಸುತ್ತುತ್ತಿದ್ದರೆ ಆ ಅಧಿಕಾರಿಯ ಇಮೇಲಿಗೆ ನೇರವಾಗಿ ಬರೆಯಿರಿ.

ಮೇಲ್ಮನವಿಯ ನಂತರವೂ ಇಂಟರ್ನೆಟ್ ಕಂಪನಿ ಐಪಿವಿ6 ಅಥವಾ ಸಾರ್ವಜನಿಕ ಐಪಿ ಕೊಡಲು ಒಪ್ಪದಿದ್ದರೆ ಸಂಪರ್ಕ ಬದಲಿಸುವುದೇ ಉಳಿದ ದಾರಿ. ಹೊಸ ಕಂಪನಿಗೆ ಮುಂಗಡ ಕೊಡುವ ಮೊದಲು ಸಾರ್ವಜನಿಕ ಐಪಿ ಸಿಗುತ್ತದೆಯೇ, ಶುಲ್ಕ ಎಷ್ಟು, ಫೈಬರ್ ಡಬ್ಬಿಯನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಕೊಡುತ್ತಾರೆಯೇ ಎಂದು ವಾಟ್ಸ್‌ಆ್ಯಪ್‌ನಲ್ಲಿ ಕೇಳಿ, ಉತ್ತರವನ್ನೂ ಅಲ್ಲಿಯೇ ಪಡೆಯಿರಿ. ವರ್ಷದ ಪ್ಲಾನ್ ಅಗ್ಗವೆಂದು ಒತ್ತಾಯಿಸಿದರೂ ಮೊದಲು ಒಂದು ತಿಂಗಳಿನದನ್ನೇ ತೆಗೆದುಕೊಳ್ಳಿ, ಮತ್ತು ಲೈನ್ ಎಳೆದ ದಿನ, ಅಳವಡಿಸಿದವರು ಹೊರಡುವ ಮೊದಲು, ಅವರ ಎದುರಿಗೇ ವ್ಯಾನ್ ಐಪಿಯ ಸಾಲನ್ನು ತೆರೆದು ನೋಡಿ.